ಬಾಡಿಗೆ ಮನೆಗೆ ಫೆಡರಲ್ ಹಣ: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕಡಿಮೆ ಆದಾಯದವರ ಬಾಡಿಗೆಗೆ, ಮನೆ ಇಲ್ಲದವರ ಯೋಜನೆಗಳಿಗೆ ಅಮೆರಿಕದ ಫೆಡರಲ್ ಸರ್ಕಾರ ಕೊಡುವ ಹಣ ಕಡಿಮೆ ಆಗಬಾರದು, ಜಾಸ್ತಿ ಆಗಬೇಕು. ಇದು ನನ್ನ ನಿಲುವು, ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಕೂಟದಲ್ಲೋ ಯಾರದೋ ಮನೆಯ ಊಟದಲ್ಲೋ ಈ ಮಾತು ಎತ್ತಿದಾಗ ಸಾಮಾನ್ಯವಾಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಎಲ್ಲವನ್ನೂ ಓದಲೇಬೇಕು ಅಂತಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

ಮನೆ, ಬಾಡಿಗೆ ಇವೆಲ್ಲ ಸಿಟಿ ಕೌನ್ಸಿಲ್ ವಿಷಯ ಅಲ್ವಾ? ವಾಷಿಂಗ್ಟನ್ ಯಾಕೆ ಬರುತ್ತದೆ?

ಯಾವ ಬೀದಿಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಬಹುದು, ಎಷ್ಟು ಮಹಡಿ ಏರಿಸಬಹುದು ಅನ್ನುವುದು ಸಿಟಿ, ಕೌಂಟಿಗಳ ಕೆಲಸ. ಆ ನಿಯಮ ಸಡಿಲ ಆದರೆ ಮನೆಗಳು ಜಾಸ್ತಿ ಆಗುತ್ತವೆ. ಅದಕ್ಕೂ ಒತ್ತಾಯ ಮಾಡಲೇಬೇಕು. ಆದರೆ ತಿಂಗಳಿಗೆ ಸಾವಿರ ಡಾಲರ್ ಸೋಶಿಯಲ್ ಸೆಕ್ಯುರಿಟಿಯಲ್ಲಿ ಬದುಕುವ ಅಜ್ಜಿಯನ್ನು ನೆನೆಸಿಕೊಳ್ಳಿ. ಆಕೆ ಮುನ್ನೂರು ಡಾಲರ್ ಬಾಡಿಗೆ ಕೊಡಬಹುದು. ಒಂದು ಮನೆಯ ವಿಮೆ, ತೆರಿಗೆ, ರಿಪೇರಿ, ನೀರು ಇವುಗಳ ಖರ್ಚೇ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಎಷ್ಟೇ ಮನೆ ಕಟ್ಟಿದರೂ ಆ ಬಾಡಿಗೆಗೆ ಯಾವ ಓನರೂ ಮನೆ ಕೊಡುವುದಿಲ್ಲ. ಕೊಟ್ಟರೆ ಅವರಿಗೆ ನಷ್ಟ. ಮಧ್ಯದ ಆ ವ್ಯತ್ಯಾಸವನ್ನು ಯಾರಾದರೂ ತುಂಬಿಕೊಡಬೇಕು.

ರಾಜ್ಯಗಳು ತುಂಬಿಕೊಡಲಿ ಅನ್ನಬಹುದು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ವರ್ಷ ವರ್ಷ ಜಮಾ ಖರ್ಚು ಸರಿತೂಗಿಸಲೇಬೇಕು, ಕಾನೂನೇ ಹಾಗಿದೆ. ಆರ್ಥಿಕ ಹಿಂಜರಿತ ಬಂದಾಗ ಜನ ಕೆಲಸ ಕಳೆದುಕೊಳ್ಳುತ್ತಾರೆ, ಬಾಡಿಗೆ ಕಟ್ಟಲಾಗುವುದಿಲ್ಲ. ಅದೇ ಹೊತ್ತಿಗೆ ರಾಜ್ಯದ ತೆರಿಗೆಯೂ ಇಳಿಯುತ್ತದೆ. ಸಾಲ ಮಾಡಿಯಾದರೂ ಆಗ ಕೈ ಹಿಡಿಯಬಲ್ಲದ್ದು ಫೆಡರಲ್ ಸರ್ಕಾರ ಮಾತ್ರ. ಮಹಾ ಹಿಂಜರಿತದ ಕಾಲದಲ್ಲಿ, 1937ರಲ್ಲಿ, ಮೊದಲ ದೊಡ್ಡ ವಸತಿ ಕಾನೂನು ಬಂದದ್ದು ಇದೇ ಕಾರಣಕ್ಕೆ. 1965ರಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯೇ ಆಯಿತು. ಎಲ್ಲರೂ ಅದನ್ನು ಹಡ್ ಅನ್ನುತ್ತಾರೆ.

ಸೆಕ್ಷನ್ 8 ಅಂದರೆ ಸರ್ಕಾರ ಪುಕ್ಕಟೆ ಮನೆ ಕೊಡುತ್ತದಾ?

ಇಲ್ಲ. ಕರ್ನಾಟಕದಲ್ಲಿ ಆಶ್ರಯ ಮನೆ ನೋಡಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಅಲ್ಲಿ ಮನೆ ಫಲಾನುಭವಿಯ ಹೆಸರಿಗೆ ಬರುತ್ತದೆ. ಇಲ್ಲಿ ಸೆಕ್ಷನ್ 8 ವೌಚರ್ ಅನ್ನುವುದು ಬಾಡಿಗೆಗೆ ಸಿಗುವ ನೆರವು ಅಷ್ಟೆ. ಮನೆ ಖಾಸಗಿ ಓನರದ್ದು. ವೌಚರ್ ಹಿಡಿದು ಮನೆ ಹುಡುಕಬೇಕಾದವರು ಬಾಡಿಗೆದಾರರೇ. ಅವರು ತಮ್ಮ ಆದಾಯದ ಸುಮಾರು ಶೇ 30ರಷ್ಟನ್ನು ಬಾಡಿಗೆಗೆ ಕೊಡುತ್ತಾರೆ. ಉಳಿದದ್ದನ್ನು, ಒಂದು ಮಿತಿಯೊಳಗೆ, ಊರಿನ ಹೌಸಿಂಗ್ ಅಥಾರಿಟಿ ನೇರವಾಗಿ ಓನರಿಗೆ ಕಟ್ಟುತ್ತದೆ. ಆ ದುಡ್ಡು ಬರುವುದು ಹಡ್‌ನಿಂದ.

1974ರಲ್ಲಿ ಸೆಕ್ಷನ್ 8 ಶುರುವಾದದ್ದು. ಇವತ್ತು ಸುಮಾರು 23 ಲಕ್ಷ ಕುಟುಂಬಗಳು ವೌಚರ್‌ನಲ್ಲಿ ಬದುಕುತ್ತಿವೆ. ಅವರಲ್ಲಿ ವಯಸ್ಸಾದವರು, ಅಂಗವಿಕಲರು, ಮಕ್ಕಳಿರುವ ಮನೆಯವರೇ ಬಹುಪಾಲು.

ಆದಾಯ ಕಡಿಮೆ ಇದ್ದರೆ ಅರ್ಜಿ ಹಾಕಿದರೆ ಸಿಗುತ್ತದಲ್ಲ?

ಇದೇ ಇಡೀ ವಿಷಯದ ಮುಖ್ಯ ಗಂಟು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿರಿಯರ ಆರೋಗ್ಯ ವಿಮೆ ಮೆಡಿಕೇರ್ ಇದೆಯಲ್ಲ, ಅದಕ್ಕೆ ಅರ್ಹತೆ ಇದ್ದರೆ ಸಿಕ್ಕೇ ಸಿಗುತ್ತದೆ. ಆಹಾರದ ನೆರವಾದ ಸ್ನ್ಯಾಪ್ ಕೂಡ ಹಾಗೆಯೇ. ಈ ವರ್ಷ ಜನ ಜಾಸ್ತಿ ಬಂದರು, ಹಣ ಮುಗಿಯಿತು, ಮುಂದಿನ ವರ್ಷ ಬನ್ನಿ ಅಂತ ಯಾರೂ ಹೇಳುವುದಿಲ್ಲ. ಬಾಡಿಗೆ ನೆರವಿಗೆ ಆ ಖಾತರಿ ಇಲ್ಲ. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಪ್ರತಿ ವರ್ಷ ಒಂದು ಮೊತ್ತ ಗೊತ್ತು ಮಾಡುತ್ತದೆ. ಅದು ಮುಗಿದರೆ ಮುಗಿಯಿತು. ಅರ್ಹತೆ ಇರುವ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಫೆಡರಲ್ ಬಾಡಿಗೆ ನೆರವು ಸಿಗುತ್ತಿದೆ. ಉಳಿದ ಮೂರು ಕುಟುಂಬಗಳಿಗೆ ಸಿಗುತ್ತಿಲ್ಲ, ಅವರಲ್ಲಿ ಎಷ್ಟೋ ಜನ ಕಾಯುವ ಪಟ್ಟಿಯಲ್ಲಿದ್ದಾರೆ. ಎಷ್ಟೋ ಕಡೆ ಆ ಪಟ್ಟಿಗೂ ಬಾಗಿಲು ಹಾಕಿರುತ್ತಾರೆ.

ಲಾಸ್ ಏಂಜಲಿಸ್ ನಗರ 2022ರಲ್ಲಿ, ಐದು ವರ್ಷದ ಮೇಲೆ, ಪಟ್ಟಿ ತೆರೆಯಿತು. ಪಟ್ಟಿಯಲ್ಲಿ ಜಾಗ ಇದ್ದದ್ದು 30,000. ಬಂದ ಅರ್ಜಿ 2 ಲಕ್ಷಕ್ಕೂ ಹೆಚ್ಚು. ಲಾಟರಿ ಎತ್ತಿದರು. ಗೆದ್ದವರಿಗೆ ವೌಚರ್ ಸಿಗಲಿಲ್ಲ, ಕಾಯುವ ಪಟ್ಟಿಯಲ್ಲಿ ಒಂದು ಜಾಗ ಸಿಕ್ಕಿತು. ಊರು ಯಾವುದೇ ಇರಲಿ, ಹೌಸಿಂಗ್ ಅಥಾರಿಟಿಯ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ. ಪಟ್ಟಿ ಸದ್ಯಕ್ಕೆ ಮುಚ್ಚಿದೆ ಅನ್ನುವ ಸಾಲು ಸಿಗುವ ಸಾಧ್ಯತೆಯೇ ಜಾಸ್ತಿ.

ಕಳೆದ ವರ್ಷದಷ್ಟೇ ಹಣ ಕೊಟ್ಟರೂ ಕಡಿತ ಆಯಿತು ಅಂತ ಗಲಾಟೆ ಮಾಡುತ್ತೀರಲ್ಲ, ಅದು ನ್ಯಾಯವಾ?

ಲೆಕ್ಕ ಹಾಕಿ ನೋಡೋಣ. ಇದು ಬರೀ ಉದಾಹರಣೆ, ಯಾವ ಊರಿನ ಲೆಕ್ಕವೂ ಅಲ್ಲ.

ಒಂದು ಕುಟುಂಬದ ತಿಂಗಳ ಆದಾಯ 2,000 ಡಾಲರ್. ಶೇ 30 ಅಂದರೆ 600 ಅವರ ಪಾಲು. ಬಾಡಿಗೆ 1,800. ಹೌಸಿಂಗ್ ಅಥಾರಿಟಿ ಕೊಡುವುದು 1,200. ಇಂಥ ಸಾವಿರ ಕುಟುಂಬ ಇದ್ದರೆ ತಿಂಗಳಿಗೆ 12 ಲಕ್ಷ ಡಾಲರ್ ಬೇಕು.

ಮುಂದಿನ ವರ್ಷ ಬಾಡಿಗೆ 1,950 ಆಯಿತು. ಆದಾಯ ಅಷ್ಟೇ ಇದೆ, ಹಾಗಾಗಿ ಅವರ ಪಾಲು ಮೊದಲಿನ 600 ಡಾಲರೇ. ಅಥಾರಿಟಿ ಈಗ 1,350 ಕೊಡಬೇಕು. ಬಾಡಿಗೆ ಏರಿದ್ದು ನೂರಕ್ಕೆ ಎಂಟರಷ್ಟು, ಅಥಾರಿಟಿಯ ಹೊರೆ ಏರಿದ್ದು ನೂರಕ್ಕೆ ಹನ್ನೆರಡೂವರೆ. ಅದೇ 12 ಲಕ್ಷ ಈಗ 888 ಕುಟುಂಬಗಳಿಗೆ ಮಾತ್ರ ಸಾಕಾಗುತ್ತದೆ. 112 ಕುಟುಂಬಗಳಿಗೆ ಹಣ ಇಲ್ಲ. ಯಾರೂ ಬಜೆಟ್ ಕತ್ತರಿಸಿಲ್ಲ, ಆದರೂ ನೂರಕ್ಕೂ ಹೆಚ್ಚು ಮನೆಗಳಿಗೆ ಸಾಲಲಿಲ್ಲ.

ಸಾಮಾನ್ಯವಾಗಿ ಇರುವವರನ್ನು ತಕ್ಷಣ ಹೊರಗೆ ಹಾಕುವುದಿಲ್ಲ. ಯಾರಾದರೂ ತೀರಿಕೊಂಡರೆ, ವೌಚರ್ ಬಿಟ್ಟು ಹೋದರೆ, ಅದನ್ನು ಪಟ್ಟಿಯಲ್ಲಿ ಮುಂದಿರುವವರಿಗೆ ಕೊಡದೆ ಸುಮ್ನೆ ಇಟ್ಟುಕೊಳ್ಳುತ್ತಾರೆ. 2013ರಲ್ಲಿ ಹೆಚ್ಚಿನ ಇಲಾಖೆಗಳಿಗೆ ಒಟ್ಟಾರೆ ಕಡಿತ ಬಂದಾಗ ಹಲವು ಊರುಗಳಲ್ಲಿ ಹೀಗೇ ಆಯಿತು. ಇದು ಸುದ್ದಿ ಆಗುವುದಿಲ್ಲ, ಫೋಟೋ ತೆಗೆಯಲು ಏನೂ ಇರುವುದಿಲ್ಲ. ಏಳು ವರ್ಷ ಕಾದ ಒಬ್ಬರಿಗೆ ಬರಬೇಕಿದ್ದ ಪತ್ರ ಬರುವುದಿಲ್ಲ, ಅಷ್ಟೆ. ನನಗೆ ತುಂಬಾ ಸಂಕಟ ಆಗುವುದು ಈ ಸದ್ದಿಲ್ಲದ ಕಡಿತ ಕಂಡಾಗ.

ಮನೆ ಇಲ್ಲದವರಿಗೆ ಅಂತ ಬೇರೆ ಹಣ ಇದೆಯಾ?

ಇದೆ. 1987ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಮೆಕಿನಿ ಕಾನೂನು ಅದಕ್ಕೆ ತಳಪಾಯ. ಕನೆಕ್ಟಿಕಟ್‌ನ ರಿಪಬ್ಲಿಕನ್ ಸದಸ್ಯ ಸ್ಟುವರ್ಟ್ ಮೆಕಿನಿ ಆ ವರ್ಷದ ಮಾರ್ಚ್ ಚಳಿಯಲ್ಲಿ ವಾಷಿಂಗ್ಟನ್‌ನ ಬೀದಿಯಲ್ಲಿ ಹೋರಾಟಗಾರರ ಜೊತೆ ಒಂದು ರಾತ್ರಿ ಮಲಗಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು, ಕಾನೂನಿಗೆ ಅವರ ಹೆಸರಿಟ್ಟರು. ಮುಂದೆ 2000ದಲ್ಲಿ ಮಿನೆಸೋಟದ ಡೆಮಾಕ್ರಟ್ ಬ್ರೂಸ್ ವೆಂಟೋ ಹೆಸರೂ ಸೇರಿತು. ಒಂದೊಂದು ಪಕ್ಷದ ಒಬ್ಬೊಬ್ಬರ ಹೆಸರು ಒಂದೇ ಕಾನೂನಿನಲ್ಲಿದೆ. ಇದು ಎಡಪಂಥದವರ ಕಾರ್ಯಕ್ರಮ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈ ಕಾನೂನಿನಡಿ ಎರಡು ಮುಖ್ಯ ದಾರಿಯಲ್ಲಿ ಹಣ ಬರುತ್ತದೆ. ಕಂಟಿನ್ಯೂಮ್ ಆಫ್ ಕೇರ್ ಅನ್ನುವುದು ದೊಡ್ಡದು. ಒಂದು ಪ್ರದೇಶದ ಸಂಸ್ಥೆಗಳೆಲ್ಲ ಸೇರಿ ಅರ್ಜಿ ಹಾಕುತ್ತವೆ. ಎಮರ್ಜೆನ್ಸಿ ಸೊಲ್ಯೂಷನ್ಸ್ ಗ್ರಾಂಟ್ ಅನ್ನುವುದು ಚಿಕ್ಕದು. ಶೆಲ್ಟರ್ ನಡೆಸಲು, ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವವರ ಬಾಕಿ ಬಾಡಿಗೆ ಕಟ್ಟಲು ಬಳಸುತ್ತಾರೆ.

ಇಷ್ಟು ಖರ್ಚು ಮಾಡಿದರೂ ಬೀದಿಯಲ್ಲಿ ಜನ ಜಾಸ್ತಿ ಆಗುತ್ತಲೇ ಇದ್ದಾರಲ್ಲ?

ಜಾಸ್ತಿ ಆಗಿರುವುದು ನಿಜ. ಪ್ರತಿ ವರ್ಷ ಜನವರಿಯ ಕೊನೆಯಲ್ಲಿ ದೇಶದ ಎಲ್ಲ ಕಡೆ ಮನೆ ಇಲ್ಲದವರ ಒಂದು ರಾತ್ರಿಯ ಎಣಿಕೆ ನಡೆಯುತ್ತದೆ. 2024ರ ಎಣಿಕೆಯಲ್ಲಿ ಬೀದಿ, ಶೆಲ್ಟರ್ ಎರಡೂ ಸೇರಿ 7,71,480 ಜನ ಸಿಕ್ಕರು. ಹಿಂದಿನ ವರ್ಷಕ್ಕಿಂತ ಶೇ 18 ಜಾಸ್ತಿ. ಬಾಡಿಗೆ ಏರಿತ್ತು, ಕೋವಿಡ್ ಕಾಲದ ನೆರವು ಮುಗಿದಿತ್ತು, ಕೆಲವು ನಗರಗಳಿಗೆ ವಲಸಿಗರು ಬಂದಿದ್ದರು, ಹವಾಯಿಯ ಮಾವಿ ದ್ವೀಪದಲ್ಲಿ ಬೆಂಕಿ ಬಿದ್ದಿತ್ತು.

ಆದರೆ ಅದೇ ಎಣಿಕೆಯಲ್ಲಿ ಒಂದು ಗುಂಪು ಕಡಿಮೆ ಆಯಿತು. ಮಾಜಿ ಸೈನಿಕರು. 2010ಕ್ಕೆ ಹೋಲಿಸಿದರೆ ಮನೆ ಇಲ್ಲದ ಮಾಜಿ ಸೈನಿಕರ ಸಂಖ್ಯೆ ಶೇ 55ರಷ್ಟು ಇಳಿದಿದೆ. ಅವರಿಗೂ ಅದೇ ಬಾಡಿಗೆ, ಅದೇ ಊರು. ಕುಡಿತ, ಮಾನಸಿಕ ನೋವು ಅವರಲ್ಲೂ ಇದೆ. ವ್ಯತ್ಯಾಸ ಒಂದೇ: 2008ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಕಾಂಗ್ರೆಸ್ ಅವರಿಗೆ ಹೊಸ ವೌಚರ್ ಕೊಟ್ಟಿತು. ಬಾಡಿಗೆ ಹಡ್‌ನಿಂದ, ಜೊತೆಗೆ ನಿಂತು ನೋಡಿಕೊಳ್ಳುವ ಕೇಸ್ ಮ್ಯಾನೇಜರ್ ಮಾಜಿ ಸೈನಿಕರ ಇಲಾಖೆಯಿಂದ. ಎರಡೂ ಪಕ್ಷದವರು ಇದಕ್ಕೆ ಕೈ ಎತ್ತಿದರು. ಹಣ ಬಿಡದೆ ಬಂದಲ್ಲಿ ಕೆಲಸ ಆಗಿದೆ. ಹಣ ಸುರಿದರೂ ಏನೂ ಆಗುವುದಿಲ್ಲ ಅನ್ನುವವರು ಈ ಸಂಖ್ಯೆಗೆ ಉತ್ತರ ಕೊಡಬೇಕು.

ಟೆಕ್ಸಸ್‌ನ ಹ್ಯೂಸ್ಟನ್ ಕೂಡ ನೋಡಬೇಕಾದ ಊರು. 2011ರಿಂದ ಈಚೆಗೆ ಅಲ್ಲಿ ಸಂಖ್ಯೆ ಶೇ 60ರ ಆಸುಪಾಸು ಇಳಿಯಿತು. ಚರ್ಚುಗಳು, ಸಂಸ್ಥೆಗಳು, ಕೌಂಟಿ ಎಲ್ಲ ಒಂದೇ ಪಟ್ಟಿ ಇಟ್ಟುಕೊಂಡು, ಜನರನ್ನು ನೇರವಾಗಿ ಅಪಾರ್ಟ್‌ಮೆಂಟ್‌ಗೆ ಸೇರಿಸಿದರು. ಬಾಡಿಗೆ ಅಲ್ಲಿ ಕ್ಯಾಲಿಫೋರ್ನಿಯಾದಷ್ಟು ಇಲ್ಲ, ಅದೂ ನೆರವಾಯಿತು. ಆದರೆ ಅವರು ಬಳಸಿದ್ದರಲ್ಲಿ ದೊಡ್ಡ ಪಾಲು ಫೆಡರಲ್ ಹಣ.

ಡ್ರಗ್ಸ್, ಕುಡಿತ ಬಿಡಿಸದೆ ಮನೆ ಕೊಟ್ಟು ಏನು ಪ್ರಯೋಜನ?

ಮೊದಲು ಮನೆ, ಆಮೇಲೆ ಚಿಕಿತ್ಸೆ ಅನ್ನುವ ಪದ್ಧತಿ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರು ಮಾಡಿದ್ದು. ಮನೆ ಸಿಕ್ಕವರು ಅಲ್ಲೇ ಉಳಿಯುತ್ತಾರೆ ಅನ್ನುವುದು ಮತ್ತೆ ಮತ್ತೆ ಸಾಬೀತಾಗಿದೆ. ಮನೆ ಸಿಕ್ಕ ಕೂಡಲೇ ಚಟ ತಾನಾಗೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆ ಭಾಗಕ್ಕೆ ವೈದ್ಯರು ಬೇಕು, ಅವರಿಗೂ ಹಣ ಬೇಕು. ಆದರೆ ಟೆಂಟ್‌ನಲ್ಲಿ ಮಲಗುವವರು ಮಾತ್ರೆ ಎಲ್ಲಿ ಇಟ್ಟುಕೊಳ್ಳುತ್ತಾರೆ? ಫೋನ್ ಎಲ್ಲಿ ಚಾರ್ಜ್ ಮಾಡುತ್ತಾರೆ? ಮಂಗಳವಾರ ಹತ್ತು ಗಂಟೆಗೆ ಬನ್ನಿ ಅಂದರೆ ಹೇಗೆ ಬರುತ್ತಾರೆ?

ಇನ್ನೊಂದು ಮಾತು. ವೆಸ್ಟ್ ವರ್ಜಿನಿಯಾದಲ್ಲಿ ಡ್ರಗ್ಸ್‌ನಿಂದ ಸಾಯುವವರ ಪ್ರಮಾಣ ವರ್ಷಗಟ್ಟಲೆ ದೇಶದಲ್ಲೇ ಅತಿ ಹೆಚ್ಚು ಇತ್ತು. ಅಲ್ಲಿ ಮನೆ ಇಲ್ಲದವರ ಪ್ರಮಾಣ ಕ್ಯಾಲಿಫೋರ್ನಿಯಾಗಿಂತ ಎಷ್ಟೋ ಕಡಿಮೆ. ಚಟವೇ ಮುಖ್ಯ ಕಾರಣ ಆಗಿದ್ದರೆ ಇದು ತಿರುಗಾಮುರುಗಾ ಇರಬೇಕಿತ್ತು. ಅಲ್ಲಿ ಬಾಡಿಗೆ ಕಡಿಮೆ.

ನಾವು ದುಡಿದು, ತೆರಿಗೆ ಕಟ್ಟಿ, ಸಾಲ ಮಾಡಿ ಮನೆ ಕೊಂಡಿದ್ದೇವೆ. ಅವರಿಗೆ ಯಾಕೆ ಕೊಡಬೇಕು?

ಅವರಲ್ಲೂ ದುಡಿಯುವವರು ಬಹಳ ಇದ್ದಾರೆ. ಶೆಲ್ಟರ್‌ನಲ್ಲಿ ಊಟ ಬಡಿಸಲು ಒಮ್ಮೆ ನಿಂತು ನೋಡಿ. ಅಂಗಡಿಯ ಯೂನಿಫಾರ್ಮ್ ಹಾಕಿಕೊಂಡು, ಕತ್ತಿನಲ್ಲಿ ಹೆಸರಿನ ಬ್ಯಾಡ್ಜ್ ಇರುವ ಒಬ್ಬಾಕೆ ತಟ್ಟೆ ಹಿಡಿದು ಬಂದರು. ಗೋಡೆ ಗಡಿಯಾರ ನೋಡುತ್ತಾ ನಿಂತೇ ಉಂಡರು. ಬೆಳಗಿನ ಶಿಫ್ಟ್‌ಗೆ ಮೊದಲ ಬಸ್ ಹಿಡಿಯಬೇಕು, ಬೇಗ ಮಲಗಬೇಕು ಅಂದರು. ಕೆಲಸ ಇತ್ತು. ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ, ಡಿಪಾಸಿಟ್ ಮೂರನ್ನೂ ಒಟ್ಟಿಗೆ ಕಟ್ಟುವಷ್ಟು ದುಡ್ಡು ಇರಲಿಲ್ಲ.

ಎರಡನೆಯದು, ಮನೆ ಇರುವ ನಮಗೂ ಫೆಡರಲ್ ನೆರವು ಇದೆ. 7,50,000 ಡಾಲರ್‌ವರೆಗಿನ ಗೃಹಸಾಲದ ಬಡ್ಡಿಯನ್ನು ಆದಾಯದಲ್ಲಿ ಕಳೆದು ತೆರಿಗೆ ಉಳಿಸಬಹುದು. ಸಾಲ ದೊಡ್ಡದಾದಷ್ಟೂ ಲಾಭ ದೊಡ್ಡದು. ಇದಕ್ಕೆ ಕಾಯುವ ಪಟ್ಟಿ ಇಲ್ಲ, ಲಾಟರಿ ಇಲ್ಲ. ಏಪ್ರಿಲ್‌ನಲ್ಲಿ ಫಾರಂ ತುಂಬಿದರೆ ಆಯಿತು. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮಗೆ ಕೇಳದೆ ಸಿಗುವುದು ಅವರಿಗೆ ಕೇಳಿದರೂ ಸಿಗುತ್ತಿಲ್ಲ, ಅದನ್ನು ನೋಡಿ ಅಂತ ಹೇಳುತ್ತಿದ್ದೇನೆ.

ನಾವು ತಿಂಗಳಿಗೊಮ್ಮೆ ಚಿತ್ರಾನ್ನ, ಪುಳಿಯೋಗರೆ ಮಾಡಿ ಶೆಲ್ಟರ್‌ಗೆ ಕೊಡುತ್ತೇವೆ. ಅಷ್ಟು ಸಾಲದಾ?

ಅದನ್ನು ದಯವಿಟ್ಟು ಬಿಡಬೇಡಿ. ಆ ರಾತ್ರಿಯ ಹಸಿವಿಗೆ ಅದೇ ಬೇಕು. ಆದರೆ ಊಟದಿಂದ ಬಾಡಿಗೆ ಇಳಿಯುವುದಿಲ್ಲ. ತೀರಾ ಕಡಿಮೆ ಆದಾಯದವರ ಕೈಗೆ ಎಟುಕುವ, ಖಾಲಿ ಸಿಗುವ ಮನೆಗಳ ಕೊರತೆ ದೇಶದಲ್ಲಿ 71 ಲಕ್ಷದಷ್ಟಿದೆ ಅನ್ನುತ್ತದೆ ನ್ಯಾಷನಲ್ ಲೋ ಇನ್‌ಕಮ್ ಹೌಸಿಂಗ್ ಕೋಅಲಿಷನ್‌ನ 2025ರ ಲೆಕ್ಕ. ದಾನದಿಂದ ತುಂಬುವ ಗಾತ್ರ ಅಲ್ಲ ಅದು. ಊಟ ಕೊಟ್ಟು ಬಂದ ಮೇಲೆ ಹತ್ತು ನಿಮಿಷ ನಿಮ್ಮ ಕಾಂಗ್ರೆಸ್ ಸದಸ್ಯರ ಕಚೇರಿಗೆ ಫೋನ್ ಕೂಡ ಮಾಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ಅಧ್ಯಕ್ಷರೇ ಬಜೆಟ್‌ನಲ್ಲಿ ಕಡಿತ ಅಂದರೆ ಮುಗಿಯಿತಲ್ಲ? ನಮ್ಮ ಫೋನ್‌ನಿಂದ ಏನಾಗುತ್ತದೆ?

ಅಧ್ಯಕ್ಷರದು ಪ್ರಸ್ತಾವ ಅಷ್ಟೆ. ಹಣ ಮಂಜೂರು ಮಾಡುವುದು ಕಾಂಗ್ರೆಸ್. 2017ರಲ್ಲಿ ಅಧ್ಯಕ್ಷರ ಪ್ರಸ್ತಾವ ಹೋಮ್ ಅನ್ನುವ ಯೋಜನೆಯನ್ನು ಪೂರ್ತಿ ನಿಲ್ಲಿಸಬೇಕು ಅಂದಿತ್ತು. ಅಗ್ಗದ ಬಾಡಿಗೆ ಮನೆ ಕಟ್ಟಲು ರಾಜ್ಯ, ಊರುಗಳಿಗೆ ಹಣ ಕೊಡುವ ಯೋಜನೆ ಅದು. ದೇಶದ ಮೇಯರ್‌ಗಳು, ಸಂಸ್ಥೆಗಳು, ಸಾಮಾನ್ಯ ಜನ ಕಾಂಗ್ರೆಸ್ ಸದಸ್ಯರ ಬೆನ್ನು ಬಿದ್ದರು. 2018ರ ಫೆಬ್ರವರಿಯಲ್ಲಿ ಒಟ್ಟು ಖರ್ಚಿನ ಮಿತಿಯನ್ನು ಎರಡೂ ಪಕ್ಷಗಳು ಏರಿಸಿದವು. ಮಾರ್ಚ್‌ನಲ್ಲಿ ಬಂದ ಮಸೂದೆಯಲ್ಲಿ ಹೋಮ್‌ಗೆ ಸಿಕ್ಕಿದ್ದು 136 ಕೋಟಿ ಡಾಲರ್. ಹಿಂದಿನ ವರ್ಷ ಇದ್ದದ್ದು 95 ಕೋಟಿ. ಸೊನ್ನೆ ಆಗಬೇಕಿದ್ದದ್ದು ಒಂದೂವರೆ ಪಟ್ಟಿನ ಹತ್ತಿರಕ್ಕೆ ಹೋಯಿತು.

2025ರ ಮೇ ತಿಂಗಳಲ್ಲಿ ಬಂದ 2026ನೇ ಸಾಲಿನ ಪ್ರಸ್ತಾವ ಇನ್ನೂ ಕಠಿಣ ಇತ್ತು. ಹಡ್ ಹಣವನ್ನು ಶೇ 44ರಷ್ಟು ಇಳಿಸುವುದು, ಬಾಡಿಗೆ ನೆರವನ್ನು ರಾಜ್ಯಗಳ ಕೈಗೆ ಗಂಟು ಕಟ್ಟಿ ಕೊಡುವುದು, ದುಡಿಯಲು ಶಕ್ತಿ ಇರುವ ವಯಸ್ಕರಿಗೆ ಎರಡು ವರ್ಷದ ಮಿತಿ, ಹೋಮ್ ಮತ್ತೆ ಬಂದ್. ಇದೇ ಕಾಲಕ್ಕೆ ಇನ್ನೊಂದು ತೊಂದರೆ ಶುರುವಾಯಿತು. 2021ರ ಕೋವಿಡ್ ಪ್ಯಾಕೇಜ್‌ನಲ್ಲಿ 500 ಕೋಟಿ ಡಾಲರ್ ಕೊಟ್ಟು 70,000 ತುರ್ತು ವೌಚರ್ ಹಂಚಿದ್ದರು. ಬೀದಿಯಿಂದ ಬಂದವರು, ಗಂಡನ ಹೊಡೆತ ತಪ್ಪಿಸಿಕೊಂಡು ಬಂದವರು ಅವುಗಳಲ್ಲಿ ಮನೆ ಹಿಡಿದರು. ಇದು ಕೊನೆಯ ಕಂತು ಅಂತ 2025ರ ಮಾರ್ಚ್‌ನಲ್ಲಿ ಹಡ್ ತಿಳಿಸಿತು. ಈ ಕುಟುಂಬಗಳ ಬಗ್ಗೆ ನಿಮ್ಮ ಸದಸ್ಯರನ್ನು ಹೆಸರು ಹಿಡಿದು ಕೇಳಬೇಕು: ನಮ್ಮ ಕೌಂಟಿಯಲ್ಲಿ ತುರ್ತು ವೌಚರ್ ಮನೆಗಳು ಎಷ್ಟಿದ್ದವು, ಅವರಿಗೆ ಏನಾಯಿತು?

ಯಾವಾಗ ಫೋನ್ ಮಾಡಿದರೆ ಒಳ್ಳೆಯದು?

ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ವಸಂತದಲ್ಲಿ, ಮಾರ್ಚ್ ಏಪ್ರಿಲ್ ಹೊತ್ತಿಗೆ, ಸದಸ್ಯರು ಯಾವ ಯೋಜನೆಗೆ ಎಷ್ಟು ಬೇಕು ಅಂತ ಸಮಿತಿಗೆ ಪತ್ರ ಬರೆಯುತ್ತಾರೆ. ಆಗ ಮಾಡಿದ ಫೋನ್‌ಗೆ ಬೆಲೆ ಜಾಸ್ತಿ, ಯಾಕೆಂದರೆ ಇನ್ನೂ ಏನೂ ಗಟ್ಟಿಯಾಗಿರುವುದಿಲ್ಲ. ಬೇಸಿಗೆಯಲ್ಲಿ ಸಮಿತಿಗಳು ಮಸೂದೆ ಬರೆಯುತ್ತವೆ. ಆಗಸ್ಟ್‌ನಲ್ಲಿ ಸದಸ್ಯರು ಊರಲ್ಲಿರುತ್ತಾರೆ, ನೇರವಾಗಿ ಸಿಗಬಹುದು. ಸೆಪ್ಟೆಂಬರ್‌ನಲ್ಲಿ ಗಡಿಬಿಡಿ. ಅಷ್ಟರಲ್ಲಿ ಒಪ್ಪಂದ ಆಗದಿದ್ದರೆ ಹಳೆಯ ಮೊತ್ತವನ್ನೇ ಮುಂದುವರಿಸುವ ತಾತ್ಕಾಲಿಕ ಮಸೂದೆ ತರುತ್ತಾರೆ. ಹಳೆಯ ಮೊತ್ತ ಅಂದರೆ ಏನು ಅಂತ ಮೇಲಿನ ಲೆಕ್ಕದಲ್ಲಿ ನೋಡಿದಿರಿ. ಅದೂ ಆಗದಿದ್ದರೆ 2025ರ ಅಕ್ಟೋಬರ್‌ನಲ್ಲಿ ಆದಂತೆ ಸರ್ಕಾರವೇ ನಿಲ್ಲುತ್ತದೆ. ಆ ಸಲ 43 ದಿನ ನಿಂತಿತ್ತು.

ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಫೋನ್ ಮಾಡಬಹುದಾ?

ಮಾಡಬಹುದು. ನಿಮ್ಮ ಪ್ರದೇಶದ ಸದಸ್ಯರು ಅಲ್ಲಿ ವಾಸ ಮಾಡುವ ಎಲ್ಲರ ಪ್ರತಿನಿಧಿ. ಓಟು ಹಾಕುವಂತಿಲ್ಲ. ಎಚ್1ಬಿಯಲ್ಲಿ ಇರುವವರು ಚುನಾವಣೆಗೆ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಇಂಥ ಕಾಲದಲ್ಲಿ ಹೆದರಿಕೆ ಆದರೆ ಒತ್ತಾಯ ಇಲ್ಲ. ಪೌರತ್ವ ಸಿಕ್ಕ ಸ್ನೇಹಿತರಿಗೆ ವಿಷಯ ತಿಳಿಸಿ, ಅವರು ಮಾಡಲಿ.

ಫೋನ್‌ನಲ್ಲಿ ಏನು ಹೇಳಬೇಕು? ನನಗೆ ಇಷ್ಟೆಲ್ಲ ಅಂಕಿ ಅಂಶ ನೆನಪಿರುವುದಿಲ್ಲ.

ಬೇಕಾಗಿಲ್ಲ. ಕ್ಯಾಪಿಟಲ್ ಸ್ವಿಚ್‌ಬೋರ್ಡ್ 202-224-3121. ಊರು, ಜಿಪ್ ಕೋಡ್ ಹೇಳಿದರೆ ನಿಮ್ಮ ಸದಸ್ಯರ ಕಚೇರಿಗೆ ಜೋಡಿಸುತ್ತಾರೆ. ಎತ್ತುವವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ಸಹಾಯಕರು. ವಾದಕ್ಕೆ ನಿಲ್ಲುವುದಿಲ್ಲ. ನೀವು ಹೇಳಿದ್ದನ್ನು ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುತ್ತಾರೆ. ಮಾತಿನ ಸಾರ ಇಷ್ಟಿದ್ದರೆ ಸಾಕು:

"ನನ್ನ ಹೆಸರು ಇಂಥದ್ದು, ಇಂಥ ಜಿಪ್ ಕೋಡ್‌ನಲ್ಲಿ ಇದ್ದೇನೆ. ಸಾರಿಗೆ ಮತ್ತು ಹಡ್ ಮಸೂದೆಯಲ್ಲಿ ಈಗಿರುವ ಎಲ್ಲ ವೌಚರ್‌ಗಳನ್ನು ಮುಂದುವರಿಸುವಷ್ಟು ಪೂರ್ತಿ ಹಣ ಇಡಬೇಕು, ಮನೆ ಇಲ್ಲದವರ ಅನುದಾನ ಕಡಿಮೆ ಮಾಡಬಾರದು. ನಾನು ನಮ್ಮ ಊರಿನ ಶೆಲ್ಟರ್‌ನಲ್ಲಿ ಊಟ ಬಡಿಸುತ್ತೇನೆ, ಅಲ್ಲಿ ಕೆಲಸ ಇರುವವರೂ ಇದ್ದಾರೆ. ಸದಸ್ಯರ ನಿಲುವು ಏನು ಅಂತ ನನಗೆ ಬರೆದು ತಿಳಿಸಿ."

ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬರೆಯಬೇಕು ಅಂದಾಗ ಕಚೇರಿಯವರು ಒಂದು ನಿಲುವು ಕಂಡುಕೊಳ್ಳಬೇಕಾಗುತ್ತದೆ. ಮೂರು ಕಡೆ ಮಾಡಿ: ಇಬ್ಬರು ಸೆನೆಟರ್, ಒಬ್ಬ ಹೌಸ್ ಸದಸ್ಯ. ಅವರು ಮೊದಲೇ ನಮ್ಮ ಪರ ಇದ್ದರೂ ಮಾಡಿ. ಕೊನೆಯ ವಾರದ ಚೌಕಾಸಿಯಲ್ಲಿ ಯಾವುದನ್ನು ಬಿಟ್ಟುಕೊಡಬಹುದು ಅಂತ ಲೆಕ್ಕ ಹಾಕುವಾಗ, ಯಾರೂ ಫೋನ್ ಮಾಡದ ವಿಷಯ ಮೊದಲು ಹೋಗುತ್ತದೆ.

ನಮ್ಮ ಕನ್ನಡ ಕೂಟ, ದೇವಸ್ಥಾನ ಲಾಭರಹಿತ ಸಂಸ್ಥೆ. ರಾಜಕೀಯ ಮಾಡಿದರೆ ತೆರಿಗೆ ವಿನಾಯಿತಿ ಹೋಗುವುದಿಲ್ಲವಾ?

ಅಭ್ಯರ್ಥಿಗಳ ಪರ, ವಿರೋಧ ಮಾತಾಡುವಂತಿಲ್ಲ, ಅದು ಪೂರ್ತಿ ನಿಷೇಧ. ಮಸೂದೆಯ ಬಗ್ಗೆ ಮಾತಾಡಬಹುದು, ಮಿತಿ ಇದೆ. ಕೂಟದಂಥ ಸಂಸ್ಥೆಗಳು 1976ರಲ್ಲಿ ತೆರಿಗೆ ಕಾನೂನಿನಲ್ಲಿ ಬಂದ 501 ಎಚ್ ಆಯ್ಕೆಗೆ ಒಂದು ಫಾರಂ ತುಂಬಿದರೆ ಈ ಕೆಲಸಕ್ಕೆ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಸ್ಪಷ್ಟ ಲೆಕ್ಕ ಸಿಗುತ್ತದೆ. ದೇವಸ್ಥಾನಗಳಿಗೆ ಆ ಆಯ್ಕೆ ಇಲ್ಲ. ಅವು ಇದನ್ನು ತಮ್ಮ ಚಟುವಟಿಕೆಯ ಚಿಕ್ಕ ಭಾಗವಾಗಿ ಇಟ್ಟುಕೊಳ್ಳಬೇಕು. ನಿಮ್ಮ ಅಕೌಂಟೆಂಟ್ ಹತ್ತಿರ ಒಮ್ಮೆ ಕೇಳಿ. ಜನ ತಮ್ಮ ಸ್ವಂತ ಹೆಸರಿನಲ್ಲಿ ಫೋನ್ ಮಾಡುವುದಕ್ಕೆ ಇದ್ಯಾವುದೂ ಅಡ್ಡಿ ಇಲ್ಲ.

ಇದರಿಂದ ನಮ್ಮವರಿಗೆ ಏನಾದರೂ ಆಗುತ್ತದಾ?

ಆಗುತ್ತದೆ. ಮಕ್ಕಳ ಜೊತೆ ಇರಲಾಗದ ಅಪ್ಪ ಅಮ್ಮಂದಿರು, ನಮ್ಮ ಸಮುದಾಯದಲ್ಲಿ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. 62 ದಾಟಿದ, ಆದಾಯ ಕಡಿಮೆ ಇರುವ ಹಿರಿಯರಿಗೆ ಸೆಕ್ಷನ್ 202 ಅಂತ ಪ್ರತ್ಯೇಕ ಮನೆಗಳಿವೆ, ಗ್ರೀನ್ ಕಾರ್ಡ್ ಇದ್ದವರೂ ಅರ್ಜಿ ಹಾಕಬಹುದು. ಆದರೆ ಅದಕ್ಕಾಗಿ ಅಂತ ಈ ಹಣ ಕೇಳಿ ಅಂತ ನಾನು ಹೇಳಲಾರೆ. ನಾವು ಇರುವ ಊರು ಇದು, ಅಲ್ಲಿ ಮಲಗಿರುವವರು ನಮ್ಮ ಊರಿನವರು.

ಫೋನ್ ಮಾಡಿದೆ. ಮುಂದೇನು?

ಹೌಸಿಂಗ್ ಅಥಾರಿಟಿಯ ಬೋರ್ಡ್ ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸಾರ್ವಜನಿಕರಿಗೆ ತೆರೆದಿರುತ್ತದೆ. ಒಮ್ಮೆ ಹೋಗಿ ಕೂತು ಎರಡು ಸಂಖ್ಯೆ ಕೇಳಿಕೊಂಡು ಬನ್ನಿ: ಈ ವರ್ಷ ಎಷ್ಟು ವೌಚರ್ ಬಳಕೆಯಲ್ಲಿವೆ, ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ. ಆಗಸ್ಟ್‌ನಲ್ಲಿ ಸದಸ್ಯರು ಊರಿಗೆ ಬಂದಾಗ ನಾಲ್ಕೈದು ಜನ ಸೇರಿ ಅವರ ಸ್ಥಳೀಯ ಕಚೇರಿಯಲ್ಲಿ ಭೇಟಿಗೆ ಸಮಯ ಕೇಳಿ, ಆ ಎರಡು ಸಂಖ್ಯೆಯನ್ನು ಅವರ ಮುಂದೆ ಇಡಿ. ಸಾಧ್ಯವಾದರೆ ವೌಚರ್‌ನಲ್ಲಿ ಬದುಕುವ ಒಬ್ಬರನ್ನು, ಅವರಿಗೆ ಒಪ್ಪಿಗೆ ಇದ್ದರೆ, ಜೊತೆಗೆ ಕರೆದುಕೊಂಡು ಹೋಗಿ. ಮಾತಾಡುವ ಮೊದಲ ಅವಕಾಶ ಅವರಿಗೇ ಇರಲಿ.